ಬಣ್ಣ ಬಿಡಿ, ಬುಡ ನೋಡಿ: ಸಸ್ಯ ಕುಟುಂಬಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಹೂಬಿಡುವ ಗಿಡಗಳ ಕುಟುಂಬ ಗುರುತಿಸುವ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಓದುತ್ತಾ ಒಂದು ವಿಷಯ ಗಮನಕ್ಕೆ ಬಂತು. ಹೆಚ್ಚಿನವರು ಹೂವಿನ ಬಣ್ಣ, ಎಸಳಿನ ಆಕಾರ, ಪರಿಮಳ ಎಲ್ಲಾ ಚೆನ್ನಾಗಿ ವರ್ಣಿಸಿದ್ದೀರಿ. ಪರಾಗ ಹೊರುವ ಕೇಸರ ಎಷ್ಟಿವೆ, ಮುಂದೆ ಕಾಯಿಯಾಗುವ ಅಂಡಾಶಯ ಎಲ್ಲಿದೆ ಅಂತ ಬರೆದವರು ತೀರಾ ಕಡಿಮೆ. ಒಂದೇ ಕುಟುಂಬದಲ್ಲಿ ಬಿಳಿ, ಕೆಂಪು, ನೀಲಿ ಎಲ್ಲಾ ಬಣ್ಣದ ಹೂವೂ ಇರುತ್ತವೆ. ಬಣ್ಣ ಹಿಡಿದು ಹೊರಟರೆ ಕುಟುಂಬ ಸಿಗುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಹೂವಿನ ಬುಡಕ್ಕೇ ಕರೆದುಕೊಂಡು ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಗಿಡಗಳೆಂದರೆ ಇಷ್ಟ, ಅಷ್ಟೇ. ಪುಸ್ತಕ ತೆರೆದರೆ ನೂರಾರು ಕುಟುಂಬಗಳ ಹೆಸರು ಕಂಡು ಭಯವಾಗುತ್ತದೆ. ಎಲ್ಲಿಂದ ಶುರು ಮಾಡಲಿ?

ಒಂದೇ ಒಂದು ಹೂವಿನಿಂದ ಶುರು ಮಾಡಿ. ದಾಸವಾಳ ತಗೊಳ್ಳಿ. ಲ್ಯಾಬ್‌ನಲ್ಲಿ ಹೊಸ ಮಕ್ಕಳಿಗೆ ನಾನು ಮೊದಲು ಕೊಡುತ್ತಿದ್ದ ಹೂವೂ ಅದೇ. ದೊಡ್ಡದು, ಕೊಯ್ಯುವುದು ಸುಲಭ, ಎಲ್ಲಾ ಭಾಗವೂ ಬರಿಗಣ್ಣಿಗೇ ಕಾಣುತ್ತವೆ. ಆದರೆ ಐದೇ ಎಸಳಿನ ದಾಸವಾಳ ಬೇಕು. ಮುದ್ದೆಯಾಗಿ ಅರಳುವ ಸುತ್ತುದಾಸವಾಳ ಬೇಡ. ಅದರಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ, ಲೆಕ್ಕವೆಲ್ಲ ತಪ್ಪುತ್ತದೆ. ಗುಲಾಬಿಗೂ ಇದೇ ಮಾತು.

ಹೂವನ್ನು ತಲೆಕೆಳಗೆ ಹಿಡಿಯಿರಿ. ಮೊದಲು ನೋಡಬೇಕಾದದ್ದು ಹಿಂಭಾಗ. ಐದು ಹಲ್ಲಿನ ಹಸಿರು ಬಟ್ಟಲು ಕಾಣುತ್ತದೆ, ಅದು ಪುಷ್ಪಪತ್ರಗಳು, ಅಂದರೆ ಮೊಗ್ಗನ್ನು ಮುಚ್ಚಿರುವ ಹೊರಸುತ್ತಿನ ಎಲೆಗಳು, ಕೂಡಿ ಆದದ್ದು. ಅದರ ಕೆಳಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಳೆಗಳಿವೆ, ನೋಡಿ. ಇದನ್ನು ಎಪಿಕ್ಯಾಲಿಕ್ಸ್ ಅನ್ನುತ್ತಾರೆ. ಹತ್ತಿ ಹೂವಿನಲ್ಲಿ ಇದೇ ಭಾಗ ಮೂರು ಅಗಲವಾದ, ಅಂಚು ಸೀಳಿದ ಎಲೆಗಳಾಗಿ ಬೆಳೆದಿರುತ್ತದೆ. ಬೆಂಡೆ ಹೂವಿನಲ್ಲಿ ಸಪೂರ ಎಳೆಗಳ ಸಾಲು.

ಈಗ ಹೂವನ್ನು ಉದ್ದಕ್ಕೆ ಎರಡು ಹೋಳು ಮಾಡಿ. ನಡುವಿನಿಂದ ಹೊರಗೆ ಚಾಚಿದ ಕಂಬ ಇದೆಯಲ್ಲ, ಅದರಲ್ಲಿ ಕೇಸರಗಳ ದಂಟುಗಳೆಲ್ಲ ಕೂಡಿಕೊಂಡು ಒಂದು ಕೊಳವೆಯಾಗಿವೆ. ಕೊಳವೆಯ ಮೈಮೇಲೆ ಹಳದಿ ಪರಾಗಕೋಶಗಳು. ಒಂದನ್ನು ಮಸೂರದ ಕೆಳಗೆ ಇಟ್ಟು ನೋಡಿ. ಬೇರೆ ಹೂಗಳಲ್ಲಿ ಪರಾಗಕೋಶಕ್ಕೆ ಸಾಮಾನ್ಯವಾಗಿ ಎರಡು ಹಾಲೆ ಇರುತ್ತವೆ, ಇಲ್ಲಿ ಒಂದೇ. ಕೊಳವೆಯ ಒಳಗಿನಿಂದ ಶಲಾಕೆ, ಅಂದರೆ ಅಂಡಾಶಯದಿಂದ ಏಳುವ ಸಪೂರ ದಂಟು, ತೂರಿಕೊಂಡು ಮೇಲೆ ಬಂದು, ತುದಿಯಲ್ಲಿ ಐದಾಗಿ ಕವಲೊಡೆದಿದೆ. ಎಸಳುಗಳ ಬುಡವೂ ಆ ಕೊಳವೆಗೆ ಅಂಟಿಕೊಂಡಿದೆ. ಹಾಗಾಗಿಯೇ ಹೂ ಬಾಡಿದಾಗ ಎಸಳು, ಕೇಸರ ಎಲ್ಲಾ ಒಟ್ಟಿಗೆ ಉದುರುತ್ತವೆ. ಬುಡದಲ್ಲಿ ಪುಟ್ಟ ಹಸಿರು ಅಂಡಾಶಯ. ಅಡ್ಡ ಕೊಯ್ದರೆ ಐದು ಕೋಣೆ.

ಇದಿಷ್ಟು ಕಂಡರೆ ನಿಮಗೆ ಮಾಲ್ವೇಸಿ ಕುಟುಂಬದ ಮುಖ್ಯ ಗುರುತು ಸಿಕ್ಕಿತು. ತುತ್ತಿ ಗಿಡದಲ್ಲಿ ಎಪಿಕ್ಯಾಲಿಕ್ಸ್ ಇಲ್ಲ, ಆದರೆ ಕೇಸರದ ಕೊಳವೆ ಇದ್ದೇ ಇದೆ. ಎಲೆ ಜಜ್ಜಿದರೆ ಲೋಳೆ, ಎಲೆಯ ಮೇಲೆ ನಕ್ಷತ್ರದ ಹಾಗೆ ಕವಲೊಡೆದ ಸಣ್ಣ ರೋಮಗಳು, ಮೊಗ್ಗಿನಲ್ಲಿ ಒಂದರ ಮೇಲೊಂದು ತಿರುಚಿಕೊಂಡ ಎಸಳುಗಳು. ಇವೆಲ್ಲ ಜೊತೆಗೆ ಬರುವ ಸಾಕ್ಷಿಗಳು. ಒಂದು ಸಾಕ್ಷಿ ಸಾಲದು, ಮೂರಾದರೂ ಬೇಕು.

ಇನ್ನು ಸಂಖ್ಯೆಯ ಭಯ. ಎಪಿಜಿ ಎಂಬ ವರ್ಗೀಕರಣದ 2016ರ ಪಟ್ಟಿಯಲ್ಲಿ ಹೂಗಿಡಗಳ 416 ಕುಟುಂಬಗಳಿವೆ, ನಿಜ. ಆದರೆ ಆಸ್ಟರೇಸಿ, ಆರ್ಕಿಡೇಸಿ, ಫ್ಯಾಬೇಸಿ, ರೂಬಿಯೇಸಿ, ಪೊಯೇಸಿ ಈ ಐದರಲ್ಲೇ ಹೂಗಿಡಗಳ ಕಾಲು ಭಾಗಕ್ಕಿಂತ ಜಾಸ್ತಿ ಪ್ರಭೇದಗಳು ಸೇರಿಬಿಟ್ಟಿವೆ. ಒಂದಿಪ್ಪತ್ತು ಕುಟುಂಬ ಗೊತ್ತಾದರೆ ದಾರಿಬದಿಯ ಗಿಡಗಳಲ್ಲಿ ಬಹುಪಾಲು ನಿಮ್ಮ ಪರಿಚಯದವೇ ಆಗುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಒಂದು ಬ್ಲೇಡ್, ಒಂದು ಸೂಜಿ, ಬಿಳಿ ಹಾಳೆ. ಇಷ್ಟು ಸಾಕು.

ಪ್ರಶ್ನೆ: ಕಾಂಡ ಚೌಕ, ಎಲೆಗಳು ಎದುರುಬದುರು, ಎಲೆ ಉಜ್ಜಿದರೆ ವಾಸನೆ. ಇಷ್ಟೆಲ್ಲ ನೋಡಿ ಲಂಟಾನವನ್ನು ತುಳಸಿಯ ಕುಟುಂಬ ಎಂದು ಬರೆದೆ. ಉಪನ್ಯಾಸಕರು ತಪ್ಪು ಎಂದು ಗೆರೆ ಎಳೆದರು. ಯಾಕೆ? (ಬಿ.ಎಸ್ಸಿ. ವಿದ್ಯಾರ್ಥಿ)

ನೀವು ನೋಡಿದ್ದೆಲ್ಲ ಸರಿಯಾಗಿಯೇ ಇದೆ. ಆದರೆ ಹೊರಗಿನದ್ದು ಮಾತ್ರ ನೋಡಿದಿರಿ. ಚೌಕ ಕಾಂಡ ಲ್ಯಾಮಿಯೇಸಿಯ, ಅಂದರೆ ತುಳಸಿ ಕುಟುಂಬದ, ಸ್ವಂತ ಆಸ್ತಿ ಏನಲ್ಲ. ಲಂಟಾನ ಇರುವ ವರ್ಬಿನೇಸಿಯಲ್ಲೂ ಇದೆ, ಅಕಾಂಥೇಸಿಯ ಎಷ್ಟೋ ಗಿಡಗಳಲ್ಲೂ ಇದೆ. ತೀರ್ಪು ಸಿಗುವುದು ಅಂಡಾಶಯದಲ್ಲಿ.

ಒಂದು ತುಂಬೆ ಹೂ ತಗೊಳ್ಳಿ. ತುಳಸಿಗಿಂತ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಬಿಳಿ ಹೂವನ್ನು ಮೆಲ್ಲಗೆ ಎಳೆದು ತೆಗೆಯಿರಿ, ಕೇಸರಗಳೂ ಅದರ ಜೊತೆಗೇ ಬರುತ್ತವೆ. ಈಗ ಹಸಿರು ಬಟ್ಟಲನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ತಳದಲ್ಲಿ ನಾಲ್ಕು ಪುಟಾಣಿ ಉಂಡೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಶಲಾಕೆ ಆ ಉಂಡೆಗಳ ನೆತ್ತಿಯಿಂದ ಹೊರಟಿಲ್ಲ. ನಾಲ್ಕರ ನಡುವಿನ ಸಂದಿಯಲ್ಲಿ ಇಳಿದು, ಬುಡದಿಂದಲೇ ಎದ್ದಿದೆ. ಸೂಜಿಯಿಂದ ಒಂದು ಉಂಡೆಯನ್ನು ಪಕ್ಕಕ್ಕೆ ಸರಿಸಿದರೆ ಸ್ಪಷ್ಟವಾಗುತ್ತದೆ. ಮುಂದೆ ಆ ನಾಲ್ಕು ಉಂಡೆಗಳೇ ನಾಲ್ಕು ಗಟ್ಟಿ ಕಾಳುಗಳಾಗುತ್ತವೆ. ಒಣಗಿದ ತುಂಬೆಯ ಬಟ್ಟಲನ್ನು ಅಂಗೈ ಮೇಲೆ ಕುಟ್ಟಿ ನೋಡಿ, ಕಾಳು ಬೀಳುತ್ತವೆ.

ಇದೇ ಕೆಲಸವನ್ನು ಲಂಟಾನದಲ್ಲಿ ಮಾಡಿ. ಅಂಡಾಶಯ ಒಂದೇ ಉಂಡೆ, ಸೀಳಿಲ್ಲ. ಶಲಾಕೆ ಅದರ ನೆತ್ತಿಯ ಮೇಲಿಂದ ಎದ್ದಿದೆ. ಕಾಯಿ ಹಣ್ಣಾದಾಗ ರಸಭರಿತ, ಕಪ್ಪು. ನಿಮ್ಮ ಉಪನ್ಯಾಸಕರು ಗೆರೆ ಎಳೆದದ್ದು ಇದಕ್ಕೇ.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ತೇಗ, ಲಕ್ಕಿ ಗಿಡ ಮೊದಲು ವರ್ಬಿನೇಸಿಯಲ್ಲಿದ್ದವು, ಈಗ ಲ್ಯಾಮಿಯೇಸಿಗೆ ಬಂದಿವೆ. ಅವುಗಳಲ್ಲಿ ಶಲಾಕೆ ಹೀಗೆ ಬುಡದಿಂದ ಏಳುವುದಿಲ್ಲ. ಹಾಗಾಗಿ ಈ ಪರೀಕ್ಷೆಯನ್ನು ತುಳಸಿ, ತುಂಬೆ, ಪುದೀನ, ದೊಡ್ಡಪತ್ರೆಯಂಥ ಗಿಡಗಳಿಗೆ ಇಟ್ಟುಕೊಳ್ಳಿ. ಇದು ಕಂಡರೆ ಲ್ಯಾಮಿಯೇಸಿ ಎಂದು ಧೈರ್ಯವಾಗಿ ಹೇಳಬಹುದು. ಕಾಣದಿದ್ದ ಮಾತ್ರಕ್ಕೆ ಅಲ್ಲ ಅಂತ ಹೇಳಲಾಗದು. ನಾಲ್ಕು ಕಾಳು ಬೊರಾಜಿನೇಸಿಯ ಎಷ್ಟೋ ಗಿಡಗಳಲ್ಲೂ ಇವೆ, ಆದರೆ ಅಲ್ಲಿ ಕಾಂಡ ದುಂಡಗೆ, ಎಲೆಗಳು ಸಾಮಾನ್ಯವಾಗಿ ಒಂದು ಬಿಟ್ಟು ಒಂದು.

ಅಕಾಂಥೇಸಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಗೊಂದಲ ಅದೇ. ಕನಕಾಂಬರ, ಆಡುಸೋಗೆ, ಗೋರಂಟೆ ಈ ಕುಟುಂಬದವು. ಹೂವಿನ ಬುಡದಲ್ಲಿ ಎದ್ದು ಕಾಣುವ ಹಸಿರು ಪತ್ರಗಳಿರುತ್ತವೆ. ಕಾಯಿ ಒಣಗಿದಾಗ ಎರಡಾಗಿ ಸಿಡಿಯುತ್ತದೆ. ಸಿಡಿದ ಹೋಳನ್ನು ಮಸೂರದಲ್ಲಿ ನೋಡಿದರೆ ಬೀಜ ಕೂತಿದ್ದ ಜಾಗದಲ್ಲಿ ಗಟ್ಟಿಯಾದ ಪುಟ್ಟ ಕೊಕ್ಕೆಗಳು ಕಾಣುತ್ತವೆ. ಆ ಕೊಕ್ಕೆ ಕಂಡರೆ ಮತ್ತೆ ಅನುಮಾನ ಬೇಡ.

ಪ್ರಶ್ನೆ: ಎಲೆ ಮುರಿದರೆ ಬಿಳಿ ಹಾಲು ಬರುವ ಗಿಡಗಳೆಲ್ಲ ಒಂದೇ ಕುಟುಂಬವೇ? ಎಕ್ಕ, ಆಲ, ಕಳ್ಳಿ ಮೂರರಲ್ಲೂ ಹಾಲಿದೆ.

ಮೂರೂ ಬೇರೆ ಬೇರೆ ಕುಟುಂಬ. ಎಕ್ಕ ಅಪೋಸೈನೇಸಿ, ಆಲ ಮೊರೇಸಿ, ಕಳ್ಳಿ ಯುಫೋರ್ಬಿಯೇಸಿ. ಸಪೋಟ, ಪಪ್ಪಾಯಿ, ಸಿಹಿಗೆಣಸು ಇವುಗಳಲ್ಲೂ ಹಾಲಿದೆ, ಅವೂ ಬೇರೆ. ಹಾಲು ಕಂಡರೆ ಪಟ್ಟಿ ಚಿಕ್ಕದಾಗುತ್ತದೆ ಅಷ್ಟೇ, ಉತ್ತರ ಸಿಗುವುದಿಲ್ಲ. ಇನ್ನೊಂದು ಕಡೆ, ಕಣಗಿಲೆ ಅಪೋಸೈನೇಸಿಯೇ ಆದರೂ ಅದರ ರಸ ನೀರಿನ ಹಾಗಿರುತ್ತದೆ. ಹರಳು ಗಿಡ ಯುಫೋರ್ಬಿಯೇಸಿಯೇ, ಅದರ ರಸವೂ ಬಿಳಿಯಲ್ಲ.

ಮೊದಲು ಎಚ್ಚರಿಕೆ. ಕಳ್ಳಿಯ ಹಾಲು, ಎಕ್ಕದ ಹಾಲು ಕಣ್ಣಿಗೆ ತಗಲಿದರೆ ದೊಡ್ಡ ಅಪಾಯ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವ ತನಕ ಮುಖದ ಹತ್ತಿರ ತರಬೇಡಿ. ಮಕ್ಕಳ ಕೈಗೆ ಕೊಡಲೇಬೇಡಿ.

ಆಲ, ಅರಳಿ, ಅತ್ತಿ, ಹಲಸು ಇವುಗಳನ್ನು ಹೂವಿಲ್ಲದೆಯೇ ಹಿಡಿಯಬಹುದು. ಕೊಂಬೆಯ ತುದಿಯಲ್ಲಿ ಎಳೆ ಎಲೆಯನ್ನು ಸುತ್ತಿಕೊಂಡ ಚೂಪಾದ ಪೊರೆ ಇರುತ್ತದೆ. ಎಲೆ ಬಿಚ್ಚಿದಾಗ ಪೊರೆ ಉದುರುತ್ತದೆ, ಉದುರಿದ ಜಾಗದಲ್ಲಿ ಕೊಂಬೆಯ ಸುತ್ತ ಉಂಗುರದ ಗುರುತು ಉಳಿಯುತ್ತದೆ. ಹಾಲು ಮತ್ತು ಉಂಗುರ ಎರಡೂ ಇದ್ದರೆ ಮೊರೇಸಿಯನ್ನೇ ಮೊದಲು ಯೋಚಿಸಿ.

ಅಪೋಸೈನೇಸಿಯಲ್ಲಿ ಎಲೆಗಳು ಹೆಚ್ಚಾಗಿ ಎದುರುಬದುರು. ನಂದಿಬಟ್ಟಲು, ನಿತ್ಯಪುಷ್ಪದ ಎಸಳುಗಳು ಗಿರಗಟ್ಟೆಯ ಹಾಗೆ ಒಂದೇ ದಿಕ್ಕಿಗೆ ವಾಲಿರುತ್ತವೆ. ಒಂದು ಹೂವಿನಿಂದ ಎಷ್ಟೋ ಸಲ ಜೋಡಿ ಕಾಯಿ ಬರುತ್ತದೆ. ಯಾಕೆಂದರೆ ಒಳಗೆ ಅಂಡಾಶಯದ ಎರಡು ಭಾಗ ಬೇರೆ ಬೇರೆಯಾಗಿದ್ದು, ಮೇಲೆ ಶಲಾಕೆಯಲ್ಲಿ ಮಾತ್ರ ಕೂಡಿರುತ್ತವೆ. ಎಕ್ಕ, ಕಣಗಿಲೆಯ ಬೀಜಕ್ಕೆ ರೇಷ್ಮೆಯಂಥ ಕೂದಲ ಜುಟ್ಟು.

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಎಕ್ಕದ ಒಂದು ಗೊಂಚಲಿದೆ. ಹೂವಿನ ನಡುವೆ ಐದು ಮೂಲೆಯ ಚಪ್ಪಟೆ ಬಿಲ್ಲೆ ಇದೆ. ಒಂದೊಂದು ಮೂಲೆಯಲ್ಲೂ ಒಂದು ಕಪ್ಪು ಚುಕ್ಕೆ, ಅದರ ಕೆಳಗೆ ಸಣ್ಣ ಸೀಳು. ಸೂಜಿಯ ತುದಿಯನ್ನು ಸೀಳಿನಲ್ಲಿ ಇಟ್ಟು ಮೆಲ್ಲಗೆ ಮೇಲಕ್ಕೆ ಎತ್ತಿದರೆ ಆ ಕಪ್ಪು ಚುಕ್ಕೆ ಸೂಜಿಗೆ ಕಚ್ಚಿಕೊಂಡು ಬರುತ್ತದೆ. ಅದರ ಎರಡೂ ಬದಿಗೆ ಎರಡು ಹಳದಿ ಚೀಲಗಳು ತೂಗುತ್ತಿರುತ್ತವೆ. ಪರಾಗವೆಲ್ಲ ಆ ಚೀಲಗಳಲ್ಲೇ ಇದೆ. ದುಂಬಿಯ ಕಾಲು ಆ ಸೀಳಿಗೆ ಸಿಕ್ಕಿದರೆ ಇದೇ ಆಗುತ್ತದೆ, ಚೀಲದ ಜೋಡಿ ಕಾಲಿಗೆ ಸಿಕ್ಕಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಎರಡು ಚೀಲಗಳೂ ಒಂದೇ ಕೇಸರದವಲ್ಲ, ಅಕ್ಕಪಕ್ಕದ ಎರಡು ಕೇಸರಗಳಿಂದ ಒಂದೊಂದು ಬಂದಿರುತ್ತವೆ. ದಯವಿಟ್ಟು ಒಮ್ಮೆ ಮಾಡಿ ನೋಡಿ. ಹೂಗಿಡಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ನಾನು ಕಂಡಿಲ್ಲ. ಪರಾಗವನ್ನು ಮುದ್ದೆಯಾಗಿ ಕಟ್ಟಿ ಕಳಿಸುವ ಇನ್ನೊಂದು ದೊಡ್ಡ ಕುಟುಂಬ ಆರ್ಕಿಡ್‌ಗಳದ್ದು, ಆದರೆ ಅವು ಏಕದಳ ಗಿಡಗಳು, ಎಕ್ಕಕ್ಕೆ ನೆಂಟರಲ್ಲ.

ಯುಫೋರ್ಬಿಯೇಸಿಯ ಗುರುತು ಎರಡು. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಕಾಯಿಗೆ ಸಾಮಾನ್ಯವಾಗಿ ಮೂರು ಹೋಳು. ಹರಳಿನ ಗೊನೆಯಲ್ಲಿ ಗಂಡು ಹೂಗಳು ಕೆಳಗೆ, ಹೆಣ್ಣು ಹೂಗಳು ಮೇಲೆ. ಆದರೆ ಕಳ್ಳಿ, ಪಾಯಿನ್ಸೆಟಿಯಾದಂಥ ಯುಫೋರ್ಬಿಯಾ ಗಿಡಗಳಲ್ಲಿ ಮೋಸ ಹೋಗುವುದು ಸುಲಭ. ಒಂದು ಪುಟ್ಟ ಬಟ್ಟಲು, ಅದರ ತುಂಬ ಕೇಸರ, ನಡುವೆ ಮೂರು ಹೋಳಿನ ಅಂಡಾಶಯ. ನೋಡಿದರೆ ಒಂದೇ ಹೂ ಅನ್ನಿಸುತ್ತದೆ, ಅಲ್ವಾ? ಅಲ್ಲ. ಒಂದೊಂದು ಕೇಸರವೂ ಒಂದೊಂದು ಗಂಡು ಹೂ. ಕೇಸರದ ದಂಟನ್ನು ಮಸೂರದಲ್ಲಿ ನೋಡಿ, ಮಧ್ಯದಲ್ಲಿ ಒಂದು ಗಂಟು ಕಾಣುತ್ತದೆ. ಗಂಟಿನ ಕೆಳಗಿನದು ಹೂವಿನ ತೊಟ್ಟು, ಮೇಲಿನದು ಕೇಸರದ ದಂಟು. ಎಸಳಿಲ್ಲ, ಪುಷ್ಪಪತ್ರವಿಲ್ಲ, ಒಂದೇ ಕೇಸರಕ್ಕೆ ಇಳಿದ ಹೂ ಅದು.

ಪ್ರಶ್ನೆ: ಬೋಗನ್‌ವಿಲ್ಲಾದ ಬಣ್ಣದ ಭಾಗ ಎಸಳಲ್ಲ ಎನ್ನುತ್ತಾರೆ. ಹಾಗಾದರೆ ಎಸಳು ಎಲ್ಲಿ?

ಎಸಳೇ ಇಲ್ಲ. ಬಣ್ಣದ್ದು ಮೂರು ಪತ್ರಗಳು, ಅಂದರೆ ಹೂವಿನ ಬುಡದಲ್ಲಿ ಬರುವ ಎಲೆಗಳು; ಪುಷ್ಪಪತ್ರಗಳಲ್ಲ. ಒಂದೊಂದು ಪತ್ರದ ನಡುನರಕ್ಕೆ ಅಂಟಿಕೊಂಡು ಒಂದೊಂದು ಸಣ್ಣ ಕೊಳವೆ ಹೂವಿದೆ. ಕೊಳವೆ ಪುಷ್ಪಪತ್ರಗಳಿಂದ ಆದದ್ದು. ಇದೇ ನಿಕ್ಟಜಿನೇಸಿ ಕುಟುಂಬದ ಸಂಜೆಮಲ್ಲಿಗೆಯಲ್ಲಿ ಇನ್ನೂ ಚೆಂದ: ಬಣ್ಣದ ಎಸಳು ಅಂದುಕೊಂಡದ್ದು ಪುಷ್ಪಪತ್ರ, ಹಸಿರು ಪುಷ್ಪಪತ್ರ ಅಂದುಕೊಂಡದ್ದು ಬುಡದ ಪತ್ರಗಳ ಬಟ್ಟಲು.

ಪ್ರಶ್ನೆ: ಕೇಪಳ ಹೂವೂ ಮಲ್ಲಿಗೆಯೂ ಕೊಳವೆ ಹೂಗಳೇ, ಎಲೆಗಳೂ ಎದುರುಬದುರು. ಎರಡೂ ಒಂದೇ ಕುಟುಂಬ ಇರಬಹುದೇ?

ಇಲ್ಲ. ಕೇಸರ ಎಣಿಸಿ, ತಕ್ಷಣ ಗೊತ್ತಾಗುತ್ತದೆ. ಮಲ್ಲಿಗೆಯ ಕೊಳವೆ ಸೀಳಿದರೆ ಒಳಗೆ ಎರಡೇ ಕೇಸರ. ಪಾರಿಜಾತದಲ್ಲೂ ಎರಡೇ. ಅವು ಓಲಿಯೇಸಿ ಕುಟುಂಬ. ಕೇಪಳದಲ್ಲಿ ನಾಲ್ಕು ಎಸಳಿಗೆ ನಾಲ್ಕು ಕೇಸರ. ಅದು ರೂಬಿಯೇಸಿ, ಕಾಫಿ ಗಿಡದ ಕುಟುಂಬ.

ರೂಬಿಯೇಸಿಯನ್ನು ಹಿಡಿಯಲು ಹೂವಿಗಾಗಿ ಕಾಯಬೇಕಿಲ್ಲ. ಎದುರುಬದುರಾದ ಎರಡು ಎಲೆಗಳ ತೊಟ್ಟಿನ ನಡುವೆ, ಕಾಂಡದ ಮೇಲೆ, ಒಂದು ತ್ರಿಕೋನದ ಪುಟ್ಟ ಪೊರೆ ಇರುತ್ತದೆ. ಕಾಂಡದ ಎರಡೂ ಬದಿಗೆ ಒಂದೊಂದು. ಎಳೆಯ ಗೆಣ್ಣಿನಲ್ಲಿ ನೋಡಿ, ಬಲಿತಾಗ ಕೆಲವು ಉದುರುತ್ತವೆ. ಅಂಚು ನಯವಾದ ಎಲೆ, ಎದುರುಬದುರು ಜೋಡಣೆ, ನಡುವೆ ಈ ಪೊರೆ, ಜೊತೆಗೆ ಕೆಳ ಅಂಡಾಶಯ. ನಾಲ್ಕೂ ಕೂಡಿದರೆ ರೂಬಿಯೇಸಿಯೇ.

ಕೆಳ ಅಂಡಾಶಯ ಅಂದರೆ ಏನು ಅಂತ ಇನ್ನಿಬ್ಬರು ಓದುಗರು ಕೇಳಿದ್ದಾರೆ. ಎಸಳು, ಪುಷ್ಪಪತ್ರಗಳು ಹೊರಡುವ ಜಾಗಕ್ಕಿಂತ ಅಂಡಾಶಯ ಮೇಲಿದ್ದರೆ ಮೇಲಿನದು, ಕೆಳಗಿದ್ದರೆ ಕೆಳಗಿನದು. ಹೂ ಕೊಯ್ಯಲು ಮನಸ್ಸಿಲ್ಲದಿದ್ದರೆ ಕಾಯಿಯನ್ನು ನೋಡಿ. ಬದನೆ, ಮೆಣಸಿನಕಾಯಿಯಲ್ಲಿ ಪುಷ್ಪಪತ್ರದ ಟೋಪಿ ತೊಟ್ಟಿನ ಕಡೆ ಇದೆ, ಅಂದರೆ ಅಂಡಾಶಯ ಅದರ ಮೇಲಿತ್ತು. ಸೀಬೆ, ದಾಳಿಂಬೆಯಲ್ಲಿ ಪುಷ್ಪಪತ್ರದ ಕಿರೀಟ ತೊಟ್ಟಿನ ಎದುರು ತುದಿಯಲ್ಲಿದೆ, ಅಂದರೆ ಅಂಡಾಶಯ ಕೆಳಗಿತ್ತು. ಕುಂಬಳದ ಹೆಣ್ಣು ಹೂವಿನಲ್ಲಂತೂ ಹಳದಿ ಹೂವಿನ ಕೆಳಗೆ ಪುಟ್ಟ ಕಾಯಿ ಮೊದಲೇ ಕಾಣುತ್ತದೆ. ಅನುಮಾನ ಬಂದಾಗ ನಾನು ಮೊದಲು ನೋಡುವುದು ಇದನ್ನೇ, ಆಮೇಲೆ ಉಳಿದದ್ದು.

ಪ್ರಶ್ನೆ: ಸೂರ್ಯಕಾಂತಿ ಒಂದು ಹೂವಲ್ಲ, ಹೂಗಳ ಗುಂಪು ಎಂದು ಮಗಳ ಪುಸ್ತಕದಲ್ಲಿದೆ. ಅವಳಿಗೆ ತೋರಿಸುವುದು ಹೇಗೆ?

ನಡುವಿನ ಕಂದು ತಟ್ಟೆಯಿಂದ ಒಂದೇ ಒಂದು ಎಳೆಯನ್ನು ಚಿಮುಟದಿಂದ ಕಿತ್ತು ಬಿಳಿ ಹಾಳೆಯ ಮೇಲೆ ಇಡಿ. ಕೆಳಗೆ ಬೆಳ್ಳಗಿನ ಉಬ್ಬಿದ ಭಾಗ ಇದೆ, ಅದು ಅಂಡಾಶಯ, ಮುಂದೆ ಅದೇ ಸೂರ್ಯಕಾಂತಿ ಬೀಜ ಅಂತ ನಾವು ಕರೆಯುವ ಕಾಯಿ. ಅದರ ನೆತ್ತಿಯ ಎರಡು ಬದಿಗೆ ಎರಡು ತೆಳು ಸಿಪ್ಪೆ, ಅವು ಪುಷ್ಪಪತ್ರದ ಸ್ಥಾನದಲ್ಲಿರುವಂಥವು. ಮೇಲೆ ಐದು ಹಲ್ಲಿನ ಹಳದಿ ಕೊಳವೆ, ಅದು ಕೂಡಿದ ಐದು ಎಸಳು. ಕೊಳವೆಯ ಬಾಯಿಂದ ಕಪ್ಪು ಕಂದು ಬಣ್ಣದ ಇನ್ನೊಂದು ಕೊಳವೆ ಇಣುಕುತ್ತದೆ. ಐದು ಪರಾಗಕೋಶಗಳು ಅಂಚಿಗೆ ಅಂಚು ಕೂಡಿ ಆದ ಕೊಳವೆ ಅದು. ಪರಾಗ ಅದರ ಒಳಗೆ ಉದುರುತ್ತದೆ. ಶಲಾಕೆ ಕೆಳಗಿನಿಂದ ಬೆಳೆಯುತ್ತಾ ಆ ಪರಾಗವನ್ನು ಹೊರಗೆ ನೂಕುತ್ತದೆ. ಪೂರ್ತಿ ಹೊರಗೆ ಬಂದ ಮೇಲೆ ಶಲಾಕೆಯ ತುದಿ ಎರಡಾಗಿ ಬಿಚ್ಚಿ ಸುರುಳಿಯಾಗುತ್ತದೆ.

ತಟ್ಟೆಯಲ್ಲಿ ಹೂಗಳು ಅಂಚಿನಿಂದ ಒಳಕ್ಕೆ ಅರಳುತ್ತಾ ಹೋಗುತ್ತವೆ. ಹಾಗಾಗಿ ಒಂದೇ ತಟ್ಟೆಯಲ್ಲಿ ಎಲ್ಲಾ ಹಂತಗಳೂ ಸಿಗುತ್ತವೆ. ನಡುವೆ ಮೊಗ್ಗು, ಅದರ ಹೊರಗೆ ಪರಾಗ ನೂಕುತ್ತಿರುವ ಸಾಲು, ಇನ್ನೂ ಹೊರಗೆ ಸುರುಳಿ ಬಿಚ್ಚಿದ ಸಾಲು. ಮಗಳಿಗೆ ಈ ಮೂರನ್ನೂ ಕಿತ್ತು ಪಕ್ಕಪಕ್ಕ ಇಟ್ಟು ತೋರಿಸಿ. ಅಂಚಿನ ಹಳದಿ ಎಸಳುಗಳೂ ಒಂದೊಂದು ಹೂವೇ, ಆದರೆ ಅವು ಬೀಜ ಕಟ್ಟುವುದಿಲ್ಲ. ಸೇವಂತಿಗೆ, ಚೆಂಡು ಹೂ, ಕಾಂಗ್ರೆಸ್ ಗಿಡ ಇವೂ ಹೀಗೆ ಹೂಗಳ ಗುಂಪೇ, ಆದರೆ ಅವುಗಳ ಅಂಚಿನ ಹೂಗಳು ಬೀಜ ಕಟ್ಟುತ್ತವೆ.

ನಾಚಿಕೆ ಮುಳ್ಳಿನ ಗುಲಾಬಿ ಉಂಡೆಯೂ ಹೂಗಳ ಗುಂಪೇ. ಆದರೆ ಅಲ್ಲಿ ಕಾಣುವುದು ಬಿಡಿ ಬಿಡಿ ಉದ್ದ ಕೇಸರಗಳು, ಅಂಡಾಶಯ ಮೇಲಿನದು. ಅದು ಬೇರೆ ಕುಟುಂಬ, ಫ್ಯಾಬೇಸಿ.

ಪ್ರಶ್ನೆ: ಅವರೆ, ಗುಲ್‌ಮೊಹರ್, ನಾಚಿಕೆ ಮುಳ್ಳು ಮೂರೂ ಫ್ಯಾಬೇಸಿ ಎನ್ನುತ್ತೀರಿ. ಹೂಗಳಲ್ಲಿ ಹೋಲಿಕೆಯೇ ಇಲ್ಲವಲ್ಲ!

ಕಾಯಿಯಲ್ಲಿ ಹೋಲಿಕೆ ಇದೆ. ಒಂದೇ ಕೋಣೆಯ ಅಂಡಾಶಯ, ಅದರ ಒಂದು ಅಂಚಿನಲ್ಲಿ ಸಾಲಾಗಿ ಬೀಜ. ಎಲೆಯ ತೊಟ್ಟಿನ ಬುಡದಲ್ಲಿ ಉಬ್ಬಿದ ಗೆಣ್ಣು ಕೂಡ ನೋಡಿ. ನಾಚಿಕೆ ಮುಳ್ಳು ಮುಟ್ಟಿದಾಗ ಎಲೆ ಬಾಗುವುದು ಅಲ್ಲಿಂದಲೇ.

ಹೂವಿನಲ್ಲಿ ಗುಂಪು ಬೇರೆ ಮಾಡಲು ಮೊಗ್ಗನ್ನು ಬಿಡಿಸಿ. ಅವರೆಯಲ್ಲಿ ದೊಡ್ಡ ಪತಾಕೆ ಎಸಳು ಎಲ್ಲಕ್ಕಿಂತ ಹೊರಗಿದ್ದು ಉಳಿದವನ್ನು ಮುಚ್ಚಿರುತ್ತದೆ. ಬದಿಗೆ ಎರಡು ರೆಕ್ಕೆ, ಕೆಳಗೆ ಎರಡು ಎಸಳು ಕೂಡಿದ ದೋಣಿ. ದೋಣಿಯೊಳಗೆ ಹತ್ತು ಕೇಸರ, ಒಂಬತ್ತು ಕೂಡಿಕೊಂಡು ಒಂದು ಬೇರೆ. ಗುಲ್‌ಮೊಹರ್‌ನಲ್ಲಿ ಮಚ್ಚೆ ಇರುವ ಎಸಳು ಮೊಗ್ಗಿನಲ್ಲಿ ಎಲ್ಲಕ್ಕಿಂತ ಒಳಗಿರುತ್ತದೆ, ಹತ್ತೂ ಕೇಸರ ಬಿಡಿ. ನಾಚಿಕೆ ಮುಳ್ಳಿನಲ್ಲಿ ಎಸಳುಗಳು ಒಂದನ್ನೊಂದು ಮುಚ್ಚುವುದೇ ಇಲ್ಲ, ಅಂಚಿಗೆ ಅಂಚು ತಾಗಿರುತ್ತವೆ. ಹಳೆಯ ಪುಸ್ತಕಗಳು ಇವನ್ನು ಮೂರು ಉಪಕುಟುಂಬ ಮಾಡಿದ್ದವು. 2017ರ ಪರಿಷ್ಕರಣೆಯಲ್ಲಿ ಆರು ಉಪಕುಟುಂಬಗಳಾದವು, ನಾಚಿಕೆ ಮುಳ್ಳಿನ ಗುಂಪು ಗುಲ್‌ಮೊಹರ್‌ನ ಉಪಕುಟುಂಬದ ಒಳಗೇ ಸೇರಿತು.

ಪ್ರಶ್ನೆ: ನನ್ನ ಹಳೆಯ ಪಠ್ಯದಲ್ಲಿ ಎಕ್ಕ ಆಸ್ಕ್ಲಿಪಿಯಡೇಸಿ, ಈರುಳ್ಳಿ ಲಿಲಿಯೇಸಿ. ಹೊಸ ಪುಸ್ತಕದಲ್ಲಿ ಬೇರೆ. ಗಿಡ ಬದಲಾಗಿಲ್ಲ, ಕುಟುಂಬ ಹೇಗೆ ಬದಲಾಯಿತು? (ನಿವೃತ್ತ ಶಿಕ್ಷಕರು)

ಸರ್, ನೀವು ಓದಿದ ಪಠ್ಯ ಬಹುಶಃ ಬೆಂತಮ್ ಮತ್ತು ಹೂಕರ್ ಅವರ ಪದ್ಧತಿಯದು. ಅದು 1862ರಿಂದ 1883ರವರೆಗೆ ಪ್ರಕಟವಾದ ಕೆಲಸ. ಕಣ್ಣಿಗೆ, ಮಸೂರಕ್ಕೆ ಕಾಣುವ ಲಕ್ಷಣಗಳನ್ನು ಹೋಲಿಸಿ ಗುಂಪು ಮಾಡಿದ್ದು. ಈಗಿನವರು ಡಿಎನ್‌ಎ ಹೋಲಿಸಿ ಯಾವ ಗಿಡ ಯಾವುದಕ್ಕೆ ನಿಜವಾಗಿ ಹತ್ತಿರ ಅಂತ ನೋಡುತ್ತಾರೆ. ಎಪಿಜಿಯ ಮೊದಲ ಪಟ್ಟಿ 1998ರಲ್ಲಿ ಬಂತು, ಆಮೇಲೆ 2003, 2009, 2016ರಲ್ಲಿ ತಿದ್ದಿದರು.

ಎಕ್ಕದ ಗುಂಪು ಕಣಗಿಲೆಯ ಗುಂಪಿನ ಒಳಗಿನಿಂದಲೇ ಕವಲೊಡೆದದ್ದು ಅಂತ ತಿಳಿದ ಮೇಲೆ ಎರಡು ಕುಟುಂಬ ಇಟ್ಟುಕೊಳ್ಳುವುದಕ್ಕೆ ಅರ್ಥವಿರಲಿಲ್ಲ. ಲಕ್ಷಣಗಳೂ ಅದನ್ನೇ ಹೇಳುತ್ತಿದ್ದವು: ರಸ, ಜೋಡಿ ಕಾಯಿ, ಜುಟ್ಟಿನ ಬೀಜ. ಲಿಲಿಯೇಸಿಯ ಕಥೆ ಉಲ್ಟಾ. ಆರು ಎಸಳು, ಆರು ಕೇಸರ, ಮೇಲಿನ ಅಂಡಾಶಯ ಕಂಡದ್ದೆಲ್ಲ ಅಲ್ಲಿ ತುಂಬಿಬಿಟ್ಟಿದ್ದರು. ಈಗ ಈರುಳ್ಳಿ ಅಮರಿಲಿಡೇಸಿಗೆ, ಶತಾವರಿ ಆಸ್ಪರಗೇಸಿಗೆ, ಲೋಳೆಸರ ಆಸ್ಫೊಡೆಲೇಸಿಗೆ, ಗೌರಿ ಹೂ ಕೊಲ್ಚಿಕೇಸಿಗೆ ಹೋಗಿವೆ. ಬೂರುಗದ ಮರ ಮಾಲ್ವೇಸಿಗೆ ಬಂದಿದೆ.

ಒಣಗಿಸಿಟ್ಟ ಮಾದರಿಗಳ ಚೀಟಿಯಲ್ಲಿ ಹೊಸ ಹೆಸರು ಬರೆಯಿರಿ, ಹಳೆಯದನ್ನು ಪಕ್ಕದಲ್ಲಿ ಉಳಿಸಿ. ಹಳೆಯದನ್ನು ಹೊಡೆದುಹಾಕಬೇಡಿ, ಎಷ್ಟೋ ಒಳ್ಳೆಯ ಸಸ್ಯಪುಸ್ತಕಗಳು ಆ ಹೆಸರಿನಲ್ಲೇ ಇವೆ. ಕಾಂಪೊಸಿಟೆ, ಲೇಬಿಯೇಟೆ, ಕ್ರೂಸಿಫೆರೆ, ಗ್ರ್ಯಾಮಿನೆಯಂಥ ಕೆಲವು ಹಳೆಯ ಹೆಸರುಗಳನ್ನಂತೂ ನಾಮಕರಣದ ನಿಯಮಗಳೇ ಈಗಲೂ ಒಪ್ಪುತ್ತವೆ. ಮತ್ತೆ, ನೀವು ಕಲಿತ ಲಕ್ಷಣಗಳಲ್ಲಿ ಒಂದೂ ವ್ಯರ್ಥವಾಗಿಲ್ಲ. ಎಕ್ಕದ ಪರಾಗದ ಚೀಲ ನೀವು ಕಂಡಲ್ಲಿಯೇ ಇದೆ.

ಪ್ರಶ್ನೆ: ಹುಲ್ಲು ಮತ್ತು ಜೇಕು ಬೇರೆ ಮಾಡುವುದು ಹೇಗೆ?

ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ. ಹುಲ್ಲಿನದು ದುಂಡಗೆ, ಗೆಣ್ಣುಗಳ ನಡುವೆ ಹೆಚ್ಚಾಗಿ ಪೊಳ್ಳು. ಜೇಕಿನದು ಸಾಮಾನ್ಯವಾಗಿ ಮೂರು ಮೂಲೆ, ಒಳಗೆ ಗಟ್ಟಿ. ಮೇಲಿನಿಂದ ನೋಡಿದರೆ ಹುಲ್ಲಿನ ಎಲೆ ಎರಡು ಸಾಲು, ಜೇಕಿನದು ಮೂರು ಸಾಲು. ಎಲೆಯ ಬುಡ ಕಾಂಡವನ್ನು ಸುತ್ತುವಲ್ಲಿ ಹುಲ್ಲಿನದು ಬಹುತೇಕ ತೆರೆದಿರುತ್ತದೆ, ಜೇಕಿನದು ಕೊಳವೆಯಾಗಿ ಮುಚ್ಚಿರುತ್ತದೆ.

ಪ್ರಶ್ನೆ: ಫೋನಿನ ಆ್ಯಪ್‌ಗೆ ಹೂವಿನ ಫೋಟೊ ಹಾಕಿದರೆ ಒಂದೊಂದು ಸಲ ಒಂದೊಂದು ಹೆಸರು ಬರುತ್ತದೆ. ನಿಮಗೆ ಕಳಿಸಿದ ಫೋಟೊಗೂ "ಸಾಲದು" ಎಂದು ಉತ್ತರ ಬಂತು. ಯಾವ ಫೋಟೊ ಬೇಕು?

ನೀವು ಕಳಿಸಿದ್ದು ಹೂವನ್ನು ಎದುರಿನಿಂದ ತೆಗೆದ ಒಂದೇ ಫೋಟೊ. ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಹಳದಿ ಬಣ್ಣ, ಐದು ಎಸಳು ಬಿಟ್ಟರೆ ಬೇರೇನೂ ಇಲ್ಲ. ಐದು ಹಳದಿ ಎಸಳು ಎಷ್ಟು ಕುಟುಂಬಗಳಲ್ಲಿ ಇಲ್ಲ ಹೇಳಿ!

ಎದುರಿನ ಫೋಟೊ ಇರಲಿ. ಜೊತೆಗೆ ಹೂವಿನ ಬದಿಯಿಂದ ಒಂದು, ಹಿಂಭಾಗದ್ದು ಒಂದು. ಕೊಂಬೆಯ ಮೇಲೆ ಎಲೆಗಳು ಎದುರುಬದುರಾಗಿವೆಯೋ ಒಂದು ಬಿಟ್ಟು ಒಂದು ಇವೆಯೋ ಕಾಣುವ ಹಾಗೆ ಒಂದು. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ ಹತ್ತಿರದಿಂದ, ಅಲ್ಲಿ ಪೊರೆ ಇದೆಯಾ, ಗೆಣ್ಣು ಉಬ್ಬಿದೆಯಾ ಅಂತ ತಿಳಿಯಬೇಕು. ಕಾಯಿ ಇದ್ದರೆ ತಪ್ಪದೆ ಕಾಯಿ. ಮುರಿದಾಗ ಹಾಲು ಬಂತೋ ಇಲ್ಲವೋ ಪದಗಳಲ್ಲಿ ಬರೆಯಿರಿ. ಗಿಡವೋ, ಬಳ್ಳಿಯೋ, ಮರವೋ ಅದನ್ನೂ ಹೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಉದ್ದಕ್ಕೆ ಕೊಯ್ದ ಹೂವಿನ ಫೋಟೊ. ಹೊಸ ಬ್ಲೇಡ್ ಬಳಸಿ, ತೊಟ್ಟಿನ ಕಡೆಯಿಂದ ಕೊಯ್ಯಿರಿ, ಆಗ ಅಂಡಾಶಯ ಜಜ್ಜಿಹೋಗುವುದಿಲ್ಲ. ಬಿಳಿ ಹಾಳೆಯ ಮೇಲೆ ಹೋಳನ್ನು ಇಟ್ಟು, ಪಕ್ಕದಲ್ಲಿ ಸ್ಕೇಲು ಇಟ್ಟು, ನೆರಳಿನ ಬೆಳಕಿನಲ್ಲಿ ತೆಗೆಯಿರಿ. ಬಿಸಿಲಿನಲ್ಲಿ ಕೇಸರಗಳು ಬೆಳ್ಳಗೆ ಉರಿದಂತಾಗಿ ಎಣಿಸಲು ಆಗುವುದಿಲ್ಲ. ಗಿಡ ಅಪರೂಪದ್ದು ಅನ್ನಿಸಿದರೆ, ಅಥವಾ ಅದರಲ್ಲಿ ಒಂದೆರಡೇ ಹೂ ಇದ್ದರೆ ಕೊಯ್ಯಬೇಡಿ. ಉದುರಿದ ಹೂ, ಬಾಡಿದ ಹೂ ಕೂಡ ಸಾಕು, ಅದರಲ್ಲೂ ಬೇಕಾದ್ದೆಲ್ಲ ಸಿಗುತ್ತದೆ. ನಿಮ್ಮ ಹಳದಿ ಹೂವಿನ ಈ ಫೋಟೊಗಳನ್ನು ಕಳಿಸಿ, ಮುಂದಿನ ಸಂಚಿಕೆಯಲ್ಲೇ ನೋಡೋಣ.